ಪಟೇಲರು ದಾರಿ ಬಿಟ್ಟ ದಿನ

ಮಧುಗಿರಿ ದಾಟಿದ ಮೇಲಿನ ದಿಬ್ಬ ಹತ್ತಲಾರದೆ ಇದ್ದಿಲು ಬಸ್ಸು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಾಗ ಎಲ್ಲರೂ ಇಳಿದು ತಳ್ಳಿದರು, ಇಂದ್ರಮ್ಮ ಒಬ್ಬಳನ್ನು ಬಿಟ್ಟು. ಯುದ್ಧದ ಕಾಲ ಅದು. ಪೆಟ್ರೋಲೆಲ್ಲ ದಂಡಿನ ಪಾಲಾಗಿ, ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಟಿಕೀಟು ಕೊಂಡವರು ತಳ್ಳುವುದಕ್ಕೂ ಒಪ್ಪಿದಂತೆಯೇ ಲೆಕ್ಕ.

"ಹೆಂಗಸ್ರೂ ಇಳಿದವ್ರೆ ಕಣಮ್ಮ, ನೀವೂ ವಸಿ ಇಳೀರಿ," ಎಂದ ಕಂಡಕ್ಟರು.

"ನಾನು ಡಾಕ್ಟರು. ಕೈ ಉಳುಕಿಸ್ಕೊಳ್ಳೋ ಹಾಗಿಲ್ಲ."

"ಆಗೇಬುಟ್ರಾ?"

"ಇನ್ನೊಂದು ವರ್ಷ ಬಾಕಿ. ಅಷ್ಟರೊಳಗೆ ನಿಮ್ಮ ಬಸ್ಸು ದಿಬ್ಬ ಹತ್ತುತ್ತೋ ಇಲ್ವೋ ನೋಡಿ."

ಹುಡುಗಿ ಇಂಥವಳು. ದೊಡ್ಡೇರಿ ಹೋಬಳಿಯ ಕರೇಕಲ್ಲಹಳ್ಳಿಯ ಪಟೇಲ ಬೋರಪ್ಪನವರ ಒಬ್ಬಳೇ ಮಗಳು. ತುಮಕೂರಿನಲ್ಲಿದ್ದ ಸೋದರಮಾವ ಓದಿಸುತ್ತೇನೆಂದು ಕರೆದುಕೊಂಡು ಹೋದದ್ದು ನಿಜ, ಆದರೆ ಅವಳು ಹೀಗೆ ಮೈಸೂರಿನ ಮೆಡಿಕಲ್ ಕಾಲೇಜಿನವರೆಗೆ ಹೋಗಿ ಕೂರುತ್ತಾಳೆಂದು ಮಾವನೂ ಎಣಿಸಿರಲಿಲ್ಲ. ಹೆಣ್ಣುಮಕ್ಕಳನ್ನು ಬೆರಳೆಣಿಕೆಯಲ್ಲಿ ಸೇರಿಸಿಕೊಳ್ಳುತ್ತಿದ್ದ ಆ ಕಾಲೇಜಿನಲ್ಲಿ ಇಂದ್ರಮ್ಮ ತಲೆ ತಗ್ಗಿಸಿ ಓಡಾಡಿದವಳಲ್ಲ. ಹೆಣ ಕೊಯ್ಯುವ ಮೇಜಿನ ಮುಂದೆ ಗಂಡುಹುಡುಗರು ಮೂಗು ಮುಚ್ಚಿಕೊಂಡು ಹಿಂದೆ ಸರಿದರೆ, ಇವಳು ಸೆರಗು ಸಿಕ್ಕಿಸಿ ಮುಂದೆ ಹೋಗುವವಳು.

ಆ ವರ್ಷ ರಜೆಗೆ ಬಿಡುವ ಮುನ್ನ ಪ್ರಿನ್ಸಿಪಾಲರು ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳಿದ್ದರು: ನೀವು ಡಾಕ್ಟರಾಗುವುದು ಯಾಕೆ? ಕೊರಟಗೆರೆಯ ಕಮಲಾಕ್ಷಮ್ಮ ಕಣ್ಣು ಒದ್ದೆ ಮಾಡಿಕೊಂಡು "ದೀನದಲಿತರ ಸೇವೆಗೆ" ಅಂದಳು. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಅವಳು ಬೆಂಗಳೂರಿನ ಬಸವನಗುಡಿಯಲ್ಲಿ ತೆರೆಯಲಿರುವ ಕ್ಲಿನಿಕ್ಕಿನ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಬೇಕೆಂದು ಎಲ್ಲರ ತಲೆ ತಿಂದಿದ್ದಳು. ಪಾವಗಡದ ನಂದೀಶ್ವರಯ್ಯನೂ ಸೇವೆಯೇ ಎಂದ. ಅವನಿಗೆ ಬೇಕಾಗಿದ್ದದ್ದು ಸರ್ಕಾರಿ ನೌಕರಿ, ಕೊನೆಗೊಂದು ಪೆನ್ಷನ್ನು. ಪಾಪ, ಅದರಲ್ಲಿ ತಪ್ಪೇನೂ ಇಲ್ಲ, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ ಅಷ್ಟೆ.

ಇಂದ್ರಮ್ಮನ ಸರದಿ ಬಂತು.

"ಡಾಕ್ಟರು ಬಂದರೆ ಜನ ದಾರಿ ಬಿಡುತ್ತಾರೆ ಸಾರ್. ನನಗೆ ಅದು ಇಷ್ಟ."

ಪ್ರಿನ್ಸಿಪಾಲರ ಪೆನ್ನು ನಿಂತಿತು. "ಮತ್ತೆ ಸೇವೆ?"

"ಕೆಲಸ ಸರಿಯಾಗಿ ಮಾಡಿದರೆ ಅದೇ ಸೇವೆ ಆಗುತ್ತೆ ಸಾರ್. ಬೇರೆ ಹೇಳಬೇಕೇ?"

ಹೊರಗೆ ಕಿವಿಗೊಟ್ಟು ನಿಂತಿದ್ದವರು ಬಿದ್ದು ಬಿದ್ದು ನಕ್ಕರು. ಅಮ್ಮ ಹೆರಿಗೆಯಲ್ಲಿ ತೀರಿಕೊಂಡಳು, ತಂಗಿ ಕಾಲರಾಕ್ಕೆ ಹೋದಳು ಎಂದು ಏನಾದರೊಂದು ಕಥೆ ಹೇಳಬಾರದಿತ್ತೇ ಎಂದು ಕಮಲಾಕ್ಷಮ್ಮ ಗದರಿದಳು. "ನಮ್ಮವ್ವ ಗುಂಡುಕಲ್ಲಿನ ಹಾಗಿದ್ದಾಳೆ. ಅವಳನ್ನು ಯಾಕೆ ಸಾಯಿಸಲಿ?" ಅಂದಳು ಇಂದ್ರಮ್ಮ.

ಅವಳು ಹೇಳಿದ್ದು ಹುಡುಗಾಟಕ್ಕಲ್ಲ. ಚಿಕ್ಕವಳಿದ್ದಾಗ ಕಿವಿ ಸೋರಿ ಅಪ್ಪ ಅವಳನ್ನು ಮಧುಗಿರಿಯ ಆಸ್ಪತ್ರೆಗೆ ಕರೆದೊಯ್ದಿದ್ದ. ಬೋರಪ್ಪನವರು ಅಲ್ಲಿಯೂ ಪಟೇಲರೇ. ಜರಿ ಪೇಟ ಸುತ್ತಿ ಜಗುಲಿಯ ನಟ್ಟನಡುವೆ ಕಾಲು ಚಾಚಿ ಕೂತರು, ಉಳಿದವರು ಮೂಲೆಯಲ್ಲಿ ಮುದುರಿಕೊಂಡರು. ಅಷ್ಟರಲ್ಲಿ ಲೇಡಿ ಡಾಕ್ಟರು ಟಪಟಪ ಎಂದು ಬಂದವರು ಯಾರ ಮುಖವನ್ನೂ ನೋಡದೆ "ಪಕ್ಕಕ್ಕೆ ಸರೀರಿ" ಅಂದರು. ಅಪ್ಪ ದಡಬಡ ಎದ್ದು, ಪಂಚೆ ಒಟ್ಟುಮಾಡಿಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಅಮಲ್ದಾರರ ಮುಂದೂ ಅಪ್ಪ ಹಾಗೆ ನಿಂತದ್ದನ್ನು ಹುಡುಗಿ ಕಂಡಿರಲಿಲ್ಲ. ಕಿವಿನೋವು ಎಲ್ಲಿ ಹೋಯಿತೋ, ಆವತ್ತಿನಿಂದ ಅವಳ ತಲೆಯಲ್ಲಿ ಒಂದೇ ಆಸೆ.

ಊರಿಗೆ ಬಂದಿಳಿದ ದಿನವೇ ಅಪ್ಪ ವಿಷಯ ತೆಗೆದರು. ದೊಡ್ಡೇರಿಯ ಕದರಪ್ಪನವರು ತಮ್ಮ ಮಗನಿಗೆ ಇಂದ್ರಮ್ಮನನ್ನು ಕೇಳಿದ್ದರು. ದೊಡ್ಡ ಮನೆ, ಒಳ್ಳೆಯ ಜನ, ಇನ್ನೊಂದು ವರ್ಷ ಕಾಯುವುದಿಲ್ಲ ಎಂದಿದ್ದರು.

"ಇಷ್ಟು ಓದಿದ್ದು ಸಾಕು ಬುಡು ಮಗ," ಎಂದರು ಬೋರಪ್ಪನವರು. "ಅಲ್ಲ ಅನ್ನೋದಾದ್ರೆ ಯಾಕೆ ಡಾಕ್ಟ್ರು ಆಗ್ಬೇಕು ಹೇಳು. ನಾಕು ಜನ ಒಪ್ಪೋ ಅಂಥ ಮಾತು ಹೇಳು, ಕಳಿಸ್ತೀನಿ."

ಸೇವೆ ಎಂದಿದ್ದರೆ ಸಾಕಿತ್ತು. ದೇವರಂಥ ಮನುಷ್ಯ, ಮರುಮಾತಾಡದೆ ಕಳಿಸುತ್ತಿದ್ದರು. ಈ ಹುಡುಗಿಯ ನಾಲಿಗೆ ಕೇಳಬೇಕಲ್ಲ! ಆಸ್ಪತ್ರೆಯ ಜಗುಲಿಯ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು: ನೀನು ಗೋಡೆಗೆ ಒತ್ತಿಕೊಂಡು ನಿಂತೆಯಲ್ಲ, ಅದಕ್ಕೇ. ಬೋರಪ್ಪನವರ ಪಿತ್ತ ನೆತ್ತಿಗೇರಿತು.

"ಅಂದ್ರೆ ಅಪ್ಪನ್ನ ಗೋಡೆಗೆ ನಿಲ್ಸಕ್ಕಾ ನಿನ್ನ ಓದು? ಮುಗೀತು. ಹೊರಬೀಡಿನ ದಿನ ಸಂಜೀಕೆ ಕದರಪ್ಪನೋರು ಬತ್ತಾರೆ, ಊರಮ್ಮನ ಮುಂದೆ ವೀಳ್ಯ ಬದಲಾಯಿಸ್ತೀವಿ. ಇನ್ನು ನೀನು ಆ ಬಸ್ಸು ಹತ್ತಾಂಗಿಲ್ಲ."

ಅವ್ವ ಬಂದು "ಕಾಲು ಹಿಡ್ಕೊಳ್ಳೇ, ಸೇವೆ ಅನ್ನು ಸಾಕು" ಎಂದಳು. ಇಂದ್ರಮ್ಮ ಸೊಪ್ಪು ಹಾಕಲಿಲ್ಲ. ಹೊರಬೀಡು ಮುಗಿಯಲಿ, ಅಪ್ಪನ ಕೋಪ ಇಳಿದಾಗ ನೋಡೋಣ ಎಂದುಕೊಂಡಳು. ಅಲ್ಲಿಯವರೆಗೆ ಅಪ್ಪನ ಮುಖ ಕೆಡಿಸುವ ಕೆಲಸ ಒಂದನ್ನೂ ಮಾಡಬಾರದು ಎಂದು ತನಗೆ ತಾನೇ ಆಣೆ ಹಾಕಿಕೊಂಡಳು.

ಹೊರಬೀಡು ಅಂದರೆ ಇಡೀ ಊರಿಗೆ ಊರೇ ಒಂದು ದಿನ ಹೊರಗೆ ಹೋಗಿ ಬೀಡುಬಿಡುವುದು. ಬೆಳಕು ಹರಿಯುವ ಮೊದಲೇ ಒಲೆಗಳನ್ನೆಲ್ಲ ಆರಿಸಿ, ದನಕರು, ಕೋಳಿ, ನಾಯಿ, ಮುದುಕರು, ಮಕ್ಕಳು ಎಲ್ಲವನ್ನೂ ಹೊರಡಿಸಬೇಕು. ತಳವಾರ ಬೀದಿ ಬೀದಿ ಕೂಗಿಕೊಂಡು ಬಂದಮೇಲೆ ಪಟೇಲರು ತಮ್ಮ ಕೈಯಾರೆ ಊರಬಾಗಿಲಿಗೆ ಜಾಲಿಮುಳ್ಳು ಜಡಿಯುತ್ತಾರೆ. ಆಮೇಲೆ ಸಂಜೆಯವರೆಗೆ ಒಳಗೆ ಊರಮ್ಮ ಒಬ್ಬಳೇ. ಅವಳು ಮನೆಮನೆ ಹೊಕ್ಕು ರೋಗರುಜಿನ ಗುಡಿಸಿ ಹಾಕುತ್ತಾಳೆಂದು ನಂಬಿಕೆ. ನರಪಿಳ್ಳೆಯೊಂದು ಒಳಗೆ ಉಳಿದರೂ ಹೊರಬೀಡು ಕೆಟ್ಟಿತು, ಊರಿಗೆ ಊರೇ ಅದರ ಪಾಪವನ್ನು ಹೊರಬೇಕು.

ಆ ದಿನ ಕೆರೆಯಂಗಳದ ಹೊಂಗೆತೋಪಿನಲ್ಲಿ ಮನೆಗೊಂದು ಒಲೆ ಹೂಡಿ ಸಂತೆಯ ಗಲಾಟೆ ನಡೆದಿತ್ತು. ಊರಮ್ಮನ ಕಳಶವನ್ನು ದೊಡ್ಡ ಮರದ ಬುಡದಲ್ಲಿಟ್ಟು ಪೂಜಾರಿ ಅಡವಯ್ಯ ಕೂತಿದ್ದ. ಕದರಪ್ಪನವರು ಮಧ್ಯಾಹ್ನಕ್ಕೇ ಬಂದಿಳಿದು, ಕಂಬಳಿಯ ಮೇಲೆ ಅಪ್ಪನ ಪಕ್ಕದಲ್ಲಿ ಮೀಸೆ ತಿರುವುತ್ತಿದ್ದರು. ಇಂದ್ರಮ್ಮ ದೂರದ ಮರದಡಿ ಹುರುಳಿ ಆರಿಸುತ್ತ, ಬೇಕೆಂದೇ ಆಕಡೆ ನೋಡದೆ ಕೂತಿದ್ದಳು.

ಆಗ ಕಾಟಮ್ಮ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಊರ ಕೊನೆಯ ಮನೆಯ ಹೆಂಗಸು, ಒಂದು ಘಳಿಗೆ ಸುಮ್ಮನಿರುವವಳಲ್ಲ. ಇವತ್ತು ಮಾತು ತಡವರಿಸುತ್ತಿತ್ತು.

"ಇಂದ್ರವ್ವ, ಸುಮ್ಕೆ ಕೇಳ್ತೀನಿ. ಈಗ ಯಾರಿಗೋ ನೋವು ಸುರುವಾಗಿ ಬೆಳಗಿಂದ ಆಗ್ನಿಲ್ಲ ಅನ್ನು. ಎಷ್ಟೊತ್ತು ತಡೀಬೌದು?"

"ಯಾರಿಗೆ?"

"ಯಾರಿಗೂ ಇಲ್ಲ ಕಣವ್ವ. ಸುಮ್ಕೆ." ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮತ್ತೆ ಕೇಳಿದಳು. "ಮಗೂದು ತಲೆ ಬರ್ದೆ ಕಾಲು ಮುಂದಾಗಿ ಕಾಣಿಸ್ಕೊಂಡ್ರೆ?"

ಇಂದ್ರಮ್ಮ ಹುರುಳಿಯ ಮೊರ ಕೆಳಗಿಟ್ಟಳು. "ನಿನ್ನ ಸೊಸೆ ಮುದ್ದಕ್ಕ ಎಲ್ಲಿ?"

"ತವರಿಗೆ ಹೋಗವಳೆ. ಪಾವಗಡದ ಕಡೆ."

"ಕಾಟಮ್ಮತ್ತೆ, ನನ್ನ ಮುಖ ನೋಡಿ ಹೇಳು."

ಕಾಟಮ್ಮ ಮುಖ ನೋಡಲಿಲ್ಲ. ಅಳು ಬಂದುಬಿಟ್ಟಿತು. ಮುಂದಿನ ತಿಂಗಳು ಹೆರಿಗೆ ಎಂದು ತಾನೇ ಪಟೇಲರಿಗೆ ಹೇಳಿ ಹೊರಬೀಡಿನ ದಿನ ಗೊತ್ತುಮಾಡಿಸಿದ್ದಳಂತೆ. ನೋಡಿದರೆ ಬೆಳಗಿನ ಜಾವಕ್ಕೇ ನೋವು. ಹೊರಗೆ ಕರೆತಂದರೆ ಕಳಶದ ಮುಂದೆ ಸೂತಕ, ಒಳಗೆ ಬಿಟ್ಟರೆ ಊರಮ್ಮನ ಸಿಟ್ಟು. ಮನೆಗಂಡಸರು ಬಂಡಿ ಹೊಡೆಯಲು ಸಿರಾ ಕಡೆ ಹೋಗಿದ್ದಾರೆ. ಸಂಜೆಯೊಳಗೆ ಹೆತ್ತುಬಿಡುತ್ತಾಳೆ, ಎರಡನೇ ಹೆರಿಗೆ ತಾನೆ ಎಂದುಕೊಂಡು, ತವರಿಗೆ ಹೋದಳೆಂದು ಎಲ್ಲರಿಗೂ ಹೇಳಿ, ಹೊರಗಿನಿಂದ ಚಿಲಕ ಹಾಕಿ ಬಂದಿದ್ದಳು. ಈಗಷ್ಟೇ ಕಳ್ಳತನದಲ್ಲಿ ಹಿಂದಿನ ಬೇಲಿ ನುಸುಳಿ ನೋಡಿ ಬಂದಿದ್ದಾಳೆ, ಪಾದ ಕಾಣುತ್ತಿದೆ.

ಇಂದ್ರಮ್ಮ ಎದ್ದು ನಿಂತಳು. ಅಪ್ಪನ ಕಡೆ ಒಮ್ಮೆ ನೋಡಿದಳು. ಈಗ ಊರಬಾಗಿಲಿಗೆ ಕೈಹಾಕಿದರೆ ಕೊನೆಯ ವರ್ಷದ ಓದು ಕೈತಪ್ಪಿದ ಹಾಗೆಯೇ, ಅದು ಅವಳಿಗೆ ಹಗಲಿನಷ್ಟೇ ಸ್ಪಷ್ಟವಾಗಿತ್ತು. ಕಾಟಮ್ಮನ ಹಾಗೆ ತಾನೂ ಬೇಲಿ ನುಸುಳಿ ಹೋದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಳಗೆ ಒಲೆಗಳೆಲ್ಲ ಆರಿವೆ. ಕಾದ ನೀರಿಲ್ಲ, ಕತ್ತಲ ಮನೆ, ಹಿಡಿಯಲು ನಾಲ್ಕು ಕೈ ಇಲ್ಲ. ಬೆಂಕಿ, ಬೆಳಕು, ಜನ ಎಲ್ಲ ಇರುವುದು ಈ ತೋಪಿನಲ್ಲಿ. ಮುದ್ದಕ್ಕನನ್ನು ಇಲ್ಲಿಗೇ ತರಬೇಕು, ಎಲ್ಲರ ಕಣ್ಣೆದುರೇ ತರಬೇಕು.

ಅವಳು ನೇರ ಹೋಗಿ ಅಪ್ಪನ ಮುಂದೆ ನಿಂತು ಗಂಟಲೆತ್ತಿ ಹೇಳಿದಳು. "ಅಪ್ಪ, ಊರೊಳಗೆ ಒಂದು ಜೀವ ಐತೆ. ಎರಡು ಅನ್ನು. ಮುಳ್ಳು ತೆಗಿ."

ತೋಪಿನಲ್ಲಿ ಬೊಬ್ಬೆ ಎದ್ದಿತು. ಯಾರೋ ಕಾಟಮ್ಮನ ತುರುಬಿಗೆ ಕೈಹಾಕಿದರು. ಗಂಡಸರು ಊರಬಾಗಿಲಿಗೆ ಅಡ್ಡ ಹೋಗಿ ಸಾಲಾಗಿ ನಿಂತರು. ಡಾಕ್ಟರು ಬಂದರೆ ದಾರಿ ಬಿಡುವವರಲ್ಲ ಈ ಜನ, ಒಂದು ಹೆಜ್ಜೆಯೂ ಸರಿಯಲಿಲ್ಲ.

"ಸಂಜೆಗಂಟ ತೆಗ್ಯಂಗಿಲ್ಲ," ಎಂದರು ಬೋರಪ್ಪನವರು. ಮುಖ ಕಪ್ಪಿಟ್ಟಿತ್ತು. "ಮುಳ್ಳು ತೆಗದ್ರೆ ಹೊರಬೀಡು ಕೆಡ್ತದೆ."

"ಬೆಳಗ್ಗೆಯೇ ಕೆಟ್ಟಾಗೈತೆ! ಒಳಗೆ ನರಮನುಷ್ಯರನ್ನ ಬಿಟ್ಟು ನೀನು ಮುಳ್ಳು ಜಡಿದೆ ನೋಡು, ಆಗಲೇ ಕೆಟ್ಟಿತು. ಅವಳು ಹೊರಗೆ ಬರೋವರೆಗೂ ಇದು ಹೊರಬೀಡೇ ಅಲ್ಲ, ಬರೀ ಬುತ್ತಿ ಊಟ. ನಾನು ಕೆಡಿಸೋಕೆ ಬಂದಿಲ್ಲ ಅಪ್ಪ. ನೀನು ಅರ್ಧಕ್ಕೆ ಬಿಟ್ಟದ್ದನ್ನ ಪೂರ್ತಿ ಮಾಡೋಕೆ ಬಂದಿದೀನಿ. ಸುಳ್ಳು ಅನ್ನಿಸಿದ್ರೆ ಅಡವಯ್ಯನ್ನ ಕೇಳು."

ಎಲ್ಲರೂ ಅಡವಯ್ಯನ ಕಡೆ ತಿರುಗಿದರು. ಅಡವಯ್ಯ ಪೇಚಿಗೆ ಸಿಕ್ಕ. ಗಡ್ಡ ಕೆರೆದ, ಕಳಶ ನೋಡಿದ, ಪಟೇಲರನ್ನು ನೋಡಿದ.

"ಇಂದ್ರವ್ವ ಹೇಳೋದು ಸರಿ ಅಂತ ಕಾಣ್ತದೆ," ಎಂದ ಕೊನೆಗೆ. "ಒಳಗೆ ಜೀವ ಇದ್ರೆ ಊರು ಬುಟ್ಟಂಗಾಗಲ್ಲ. ಆದ್ರೆ ಸೂತಕ..."

"ನಿನ್ನ ದೇವರು ಆ ಮರದ ಕೆಳಗೆ ಇರಲಿ, ನಾನು ಈ ಕೊನೆ ಮರದ ಕೆಳಗೆ ಇರ್ತೀನಿ. ಊರಮ್ಮನೂ ಹೆಂಗಸೇ, ಅಷ್ಟು ದೂರ ಆದರೆ ಸಾಕು ಅಂತಾಳೆ."

ಬೋರಪ್ಪನವರು ಎದ್ದರು. ಕೆಲವರು ಇದೀಗ ಮಗಳ ಕೆನ್ನೆಗೆ ಬಿತ್ತು ಎಂದುಕೊಂಡರು. ಅವರು ಸಾಲಾಗಿ ನಿಂತಿದ್ದ ಗಂಡಸರ ನಡುವೆ ನುಗ್ಗಿ, ಬೆಳಗ್ಗೆ ತಾವೇ ಜಡಿದ ಜಾಲಿಮುಳ್ಳನ್ನು ಬರಿಗೈಯಲ್ಲಿ ಎಳೆದು ಪಕ್ಕಕ್ಕೆಸೆದರು. ಅಂಗೈಯಲ್ಲಿ ರಕ್ತ ಒಸರಿತು.

"ಲೇ, ಮಂಚ ಹೊರಕ್ಕೆ ನಾಕು ಜನ ಬರ್ರಲಾ!" ಎಂದು ಗುಡುಗಿದರು. "ಏನು ಬಾಯಿ ಬಿಟ್ಕೊಂಡು ನೋಡ್ತೀರ!"

ಮುದ್ದಕ್ಕನನ್ನು ಹಗ್ಗದ ಮಂಚದ ಮೇಲೆ ಹೊತ್ತು ತಂದರು. ಕೊನೆಯ ಹೊಂಗೆಮರದ ಸುತ್ತ ಅವ್ವ ಸೀರೆಗಳನ್ನು ಕಟ್ಟಿ ಮರೆ ಮಾಡಿದಳು. ಯಾರದೋ ಮನೆಯ ಮುದ್ದೆಗೆಂದು ಕಾಯಿಸಿದ್ದ ಎಸರಿನಲ್ಲಿ ಇಂದ್ರಮ್ಮ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡಳು. ಹೆದರಿಕೆಯಾಯಿತು. ಸುಳ್ಳೇಕೆ ಹೇಳಬೇಕು? ಇಂಥ ಹೆರಿಗೆ ಮೈಸೂರಿನಲ್ಲಿ ಮಾಡಿಸಿದ್ದುಂಟು, ಆದರೆ ಆಗ ಬೆನ್ನ ಹಿಂದೆ ಅಲ್ಲಿನ ಲೇಡಿ ಡಾಕ್ಟರು ನಿಂತಿರುತ್ತಿದ್ದರು. ಇವತ್ತು ಬೆನ್ನ ಹಿಂದೆ ಒಂದು ಮರ ಅಷ್ಟೆ.

"ಅಕ್ಕಾ, ನಾ ವಲ್ಲ ಕಾದು," ಎಂದು ಮುದ್ದಕ್ಕ ತನ್ನ ತವರಿನ ತೆಲುಗಿನಲ್ಲಿ ಅತ್ತಳು, ನನ್ನ ಕೈಲಾಗದು ಎಂದು.

"ಅವುತುಂದಿ ಮುದ್ದಕ್ಕ, ಅವುತುಂದಿ. ನಾನಿದೀನಿ, ಆಗೇ ಆಗುತ್ತೆ."

ಆ ಧೈರ್ಯ ತನಗೆ ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಹೇಳಿದ ಮೇಲೆ ಕೈ ಕೆಲಸಕ್ಕೆ ಹತ್ತಿತು.

ಮಗುವಿನ ಕಾಲುಗಳು ಬಂದವು, ಸೊಂಟ ಬಂತು, ಅಲ್ಲಿಗೆ ನಿಂತಿತು. "ಎಳಿಯವ್ವ, ಹಿಡ್ದು ಎಳಿ!" ಎಂದು ಕಾಟಮ್ಮ ಕೂಗಿಕೊಂಡಳು. ಸುತ್ತಲಿದ್ದ ಹೆಂಗಸರೆಲ್ಲ ಅದನ್ನೇ ಕೂಗಿದರು. ಎಳೆದರೆ ಮಗುವಿನ ಕೈ ಮೇಲಕ್ಕೆ ಹೋಗಿ ತಲೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಮಾಡಬೇಕಾದ್ದು ಸುಮ್ಮನಿರುವುದು. "ಕೈಕಟ್ಟಿ ನಿಲ್ಲೋದು ಬಂದರೆ ನೀನು ಅರ್ಧ ಡಾಕ್ಟರು," ಎಂದು ಮೈಸೂರಿನ ಆ ಲೇಡಿ ಡಾಕ್ಟರು ಅವಳಿಗೆ ಬೈದು ಬೈದು ಕಲಿಸಿದ್ದರು. ನುಗ್ಗುವುದೇ ಹುಟ್ಟುಗುಣವಾದ ಹುಡುಗಿಗೆ ಅದಕ್ಕಿಂತ ಕಷ್ಟದ ವಿದ್ಯೆ ಬೇರೆ ಇರಲಿಲ್ಲ.

"ಯಾರೂ ಮುಟ್ಟಕೂಡದು," ಎಂದಳು. "ಮುದ್ದಕ್ಕ, ನೋವು ಬಂದಾಗ ತಿಣುಕು. ಬರದಿದ್ದರೆ ಸುಮ್ಮನಿರು. ನಾನೂ ಸುಮ್ಮನಿರ್ತೀನಿ."

ಕಾದಳು. ನೋವು ಬಂತು, ಮತ್ತೆ ಬಂತು, ಬೆನ್ನು ಜಾರಿತು, ತೋಳುಗಳು ತಾವಾಗಿ ಬಿದ್ದವು, ಕತ್ತಿನ ಹಿಂಭಾಗದ ಕೂದಲು ಕಂಡಿತು. ಆಗ, ಆಗ ಮಾತ್ರ, ಇಂದ್ರಮ್ಮ ಎರಡೂ ಪಾದ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದಳು. ಬಾಯಿ, ಮೂಗು, ಹಣೆ. ಮಗು ನೀಲಿಯಾಗಿತ್ತು, ಸದ್ದಿಲ್ಲ. ಬಾಯಿಯ ಲೋಳೆ ತೆಗೆದು ಬೆನ್ನು ತಿಕ್ಕಿದಳು. ತಿಕ್ಕುತ್ತ, "ಅಳೇ, ಅಳೇ ಮುಂಡೇದೆ, ನಿನ್ನಿಂದ ನನ್ನ ಓದು ಹೋಯ್ತು, ಅಳಾದ್ರೂ ಅಳೇ," ಎಂದು ಬಾಯಿಗೆ ಬಂದದ್ದೆಲ್ಲ ಅಂದಳು.

ಮಗು ಅತ್ತಿತು. ಎಂಥಾ ಅಳು! ತೋಪಿನ ಆಚೆ ಕಟ್ಟಿದ್ದ ಎತ್ತುಗಳೂ ಕತ್ತೆತ್ತಿದವು. ಇಂದ್ರಮ್ಮನೂ ಅಳುತ್ತಿದ್ದಳು, ಸಂತೋಷಕ್ಕೆ, ಕಣ್ಣೊರೆಸಿಕೊಳ್ಳಲು ಕೈ ಚೊಕ್ಕಟವಿರಲಿಲ್ಲ. ಹೆಣ್ಣುಮಗು, ದಪ್ಪಗಿತ್ತು.

ಹೊತ್ತು ಇಳಿಯಿತು. ಅಡವಯ್ಯ ಬೇವಿನ ಸೊಪ್ಪಿನಲ್ಲಿ ನೀರು ಚಿಮುಕಿಸುತ್ತ, ಹೊಸ ಬೆಂಕಿಯ ಮಡಕೆ ಹಿಡಿದು ಊರಬಾಗಿಲ ಕಡೆ ನಡೆದ. ಜನ ದನಕರು ಹೊಡೆದುಕೊಂಡು ಹಿಂದೆ ಸೇರಿದರು. ಕದರಪ್ಪನವರು ಎದ್ದು ಹೆಗಲ ಮೇಲಿನ ವಸ್ತ್ರ ಕೊಡವಿದರು.

"ಪಟೇಲ್ರೆ, ಬ್ಯಾಸರ ಮಾಡ್ಕಬ್ಯಾಡಿ. ಊರ ಮುಂದೆ ಅಪ್ಪನಿಗೇ ತಿರುಗಿ ಮಾತಾಡೋ ಹುಡುಗಿ. ನಮ್ಮನೇಗೆ ಹೊಂದಲ್ಲ. ವೀಳ್ಯ ಬ್ಯಾಡ."

ಬೋರಪ್ಪನವರು ಅಂಗೈಗೆ ಸುತ್ತಿದ್ದ ಬಟ್ಟೆ ಬಿಗಿಮಾಡಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಕೊಡ್ತೀನಿ ಅಂದೋರ್ಯಾರು?" ಅಂದರು.

ಇಂದ್ರಮ್ಮ ಅದನ್ನು ಕೇಳಲಿಲ್ಲ. ಅವಳು ಕೆರೆಯಲ್ಲಿ ಕೈಕಾಲು ತೊಳೆದು, ಕೆದರಿದ ಕೂದಲಲ್ಲೇ ಊರಬಾಗಿಲ ಹತ್ತಿರ ಬಂದಳು. ಬಾಗಿಲು ಇಕ್ಕಟ್ಟು, ಜನ ಕಿಕ್ಕಿರಿದಿದ್ದರು. ಹಿಂದಿನಿಂದ ಅಪ್ಪನ ಧ್ವನಿ ಕೇಳಿತು.

"ದಾರಿ ಬುಡ್ರಲೋ! ದಾರಿ!"

ಜನ ಸರಸರ ಎರಡೂ ಕಡೆ ಸರಿದರು. ಗಂಡಸರು ಪೇಟ ಕೈಗೆ ತೆಗೆದುಕೊಂಡರು, ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ನಡುವೆ ಅಗಲವಾಗಿ ಹಾದಿ ತೆರೆದುಕೊಂಡಿತು. ಇಂದ್ರಮ್ಮನ ಎದೆ ಉಬ್ಬಿತು. ಮಧುಗಿರಿಯ ಆ ಜಗುಲಿಯಿಂದ ಇಲ್ಲಿಯವರೆಗೆ ಕಾದದ್ದು ಇದಕ್ಕೇ ಅಲ್ಲವೇ! ಗಲ್ಲ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಹೆಜ್ಜೆ ಹಾಕಿದಳು. ಆಮೇಲೆ ನೋಡುತ್ತಾಳೆ, ಒಬ್ಬರ ಕಣ್ಣೂ ಅವಳ ಮೇಲಿಲ್ಲ. ಎಲ್ಲರೂ ಅವಳ ಹಿಂದೆ ನೋಡುತ್ತಿದ್ದಾರೆ.

ತಿರುಗಿದಳು. ಹಗ್ಗದ ಮಂಚ ಬರುತ್ತಿತ್ತು. ಮುದ್ದಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮಲಗಿದ್ದಳು. ಮುಂದೆ ಕೋಲು ಹಿಡಿದು ಪಟೇಲ ಬೋರಪ್ಪನವರು ಜನರನ್ನು ಸರಿಸುತ್ತ ಬರುತ್ತಿದ್ದರು.

"ನೀನೂ ಸರಿಯವ್ವ ಇತ್ಲಾಗೆ," ಎಂದರು ಮಗಳಿಗೆ. "ಬಾಣಂತಿ ಬತ್ತಾವ್ಳೆ."

ಇಂದ್ರಮ್ಮ ದಡಬಡ ಸೀರೆ ಒಟ್ಟುಮಾಡಿಕೊಂಡು ಊರಬಾಗಿಲ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. ಮಂಚಕ್ಕೆ ಜಾಗ ಸಾಲದೆ ಅಪ್ಪನೂ ಬಂದು ಅದೇ ಗೋಡೆಗೆ, ಅವಳ ಪಕ್ಕದಲ್ಲಿ ಒತ್ತಿಕೊಂಡು ನಿಂತರು. ಮಂಚ ಅವರಿಬ್ಬರ ಮುಂದೆ ಹಾದುಹೋಯಿತು. ಮಗುವಿನ ಒಂದು ಪಾದ ಸೆರಗಿನ ಹೊರಗೆ ಇಣುಕಿತ್ತು.

ಬೋರಪ್ಪನವರು ಮಗಳ ಮುಖ ನೋಡದೆ ಮಂಚದ ಕಡೆಗೇ ನೋಡುತ್ತ ಕೇಳಿದರು.

"ಮೈಸೂರಿಗೆ ಯಾವತ್ತು ಹೊಂಡ್ಬೇಕು?"

"ಸೋಮವಾರ, ಅಪ್ಪ."

"ದಿಬ್ಬದ ಗಂಟ ನಾನೂ ಬಸ್ಸಲ್ಲಿ ಬತ್ತೀನಿ," ಅಂದರು. "ನೀನು ಇಳೀಬ್ಯಾಡ. ತಳ್ಳೋಕೆ ನಾನಿದೀನಿ."